ದೃಷ್ಟಿಗೆ ಕಟ್ಟಿದ ಮುಖ

ದಬ್ಬೇಘಟ್ಟದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಹೆಣ್ಣುಮಗು ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು. ಮಕ್ಕಳು ನನ್ನನ್ನು ನೋಡುವುದು ಹೊಸದಲ್ಲ. ಕೆಲವು ಅಳುತ್ತವೆ, ಕೆಲವು ಕೈ ಚಾಚಿ ಕೂದಲು ಮುಟ್ಟುತ್ತವೆ. ಈ ಮಗು ಎರಡನ್ನೂ ಮಾಡಲಿಲ್ಲ. ಗುರುತಿನವರನ್ನು ಕಂಡಾಗ ಹೇಳುವಂತೆ ತಾಯಿಗೆ ಹೇಳಿತು:

"ಅವ್ವ, ತೋಟದಾಕೆ ಬಸ್ಸಲ್ಲಿ ಕುಂತವ್ಳೆ."

ತಾಯಿ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟಳು. ಅದು ಅವಳ ಊರಾಗಿರಲಿಲ್ಲ. ದಬ್ಬೇಘಟ್ಟಕ್ಕೆ ಟಿಕೆಟ್ ತೆಗೆದುಕೊಂಡು ಇಲ್ಲೇಕೆ ಇಳಿಯುತ್ತೀರಿ ಎಂದು ಕಂಡಕ್ಟರ್ ಬಾಗಿಲಲ್ಲಿ ನಿಂತು ಕೇಳಿದ. ಅವಳು ಬಸ್ಸು ಹೊರಡುವವರೆಗೂ ನಮಗೆ ಬೆನ್ನು ಮಾಡಿ ನಿಂತಿದ್ದಳು.

ನಾನು ಒಂದು ಜಿಲ್ಲಾ ಪತ್ರಿಕೆಯ ವರದಿಗಾರ್ತಿ. ಕಚೇರಿ ತಿಪಟೂರಿನಲ್ಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳೂ ನನ್ನ ಪಾಲಿಗೆ ಸೇರಿವೆ. ಹುಟ್ಟಿದ್ದು ಯಲ್ಲಾಪುರದ ಕಡೆ, ಕಾಡಿನೊಳಗಿನ ಒಂದು ಊರಿನಲ್ಲಿ. ನಾವು ಸಿದ್ದಿ ಜನ. ನಮ್ಮ ಹಿರಿಯರನ್ನು ಆಫ್ರಿಕಾದ ಕರಾವಳಿಯಿಂದ ಹಡಗಿನಲ್ಲಿ ತಂದು ಮಾರಿದ್ದರು ಎಂಬುದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ, ಮನೆಯಲ್ಲಿ ಅಜ್ಜಿ ಹೇಳಿದಳು. ತಿಪಟೂರಿಗೆ ಬಂದ ಮೇಲೆ ಅದನ್ನು ನಾನು ಕಂಡವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಜನ ನನ್ನ ಹತ್ತಿರ ನಿಧಾನವಾಗಿ, ಬಿಡಿಬಿಡಿಯಾದ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಾರೆ. ಯಲ್ಲಾಪುರ ಎಂದು ಕನ್ನಡದಲ್ಲಿ ಹೇಳಿದರೆ ನಿಜವಾದ ಊರು ಯಾವುದು ಎಂದು ಮತ್ತೆ ಕೇಳುತ್ತಾರೆ.

ಬಸ್ಸಿನ ಪ್ರಸಂಗವನ್ನು ನಾನು ಮರೆತುಬಿಡುತ್ತಿದ್ದೆನೇನೋ. ಆದರೆ ಅದೇ ವಾರ ಚಿಕ್ಕನಾಯಕನಹಳ್ಳಿಯ ಒಂದು ಟೀ ಅಂಗಡಿಯಲ್ಲಿ ಕುರಿ ಮಾರಿ ಬಂದಿದ್ದ ಗಂಡಸೊಬ್ಬ ನನ್ನನ್ನು ದಿಟ್ಟಿಸಿ ನೋಡಿ, ನೆನ್ನೆ ಸಾಯಂಕಾಲ ನೀವು ನಮ್ಮೂರ ದಾರಿಯಲ್ಲಿ ನಿಂತಿದ್ದಿರಲ್ಲ ಎಂದ. ಹಿಂದಿನ ಸಾಯಂಕಾಲ ನಾನು ಕಚೇರಿಯಲ್ಲಿ ನಗರಸಭೆಯ ಸಭೆಯ ವರದಿ ಬರೆಯುತ್ತಿದ್ದೆ. ಇರಲಾರದು, ಬೇರೆ ಯಾರೋ ಇರಬೇಕು ಎಂದೆ. ಅವನು ಅಲ್ಲವೆಂದು ತಲೆಯಾಡಿಸಿದ. ನನ್ನಂಥವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಮಿಸುಕಾಡ್ದಂಗೆ ನಿಂತಿದ್ರಿ ಕಣ್ರೀ. ಮಾತಾಡ್ಸುದ್ರೂ ಮಾತಾಡ್ಲಿಲ್ಲ," ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಟೀ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದು ಹೋದ.

ಒಬ್ಬರು ಹೇಳಿದರೆ ಮಾತು, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಹೇಳಿದರೆ ಸುದ್ದಿ ಎಂದು ನಮ್ಮ ಕಚೇರಿಯಲ್ಲಿ ಹೊಸಬರಿಗೆ ಕಲಿಸುತ್ತಾರೆ. ಈಗ ಇಬ್ಬರು ಹೇಳಿದ್ದರು. ನಾನು ಹೋಗದ ಕಡೆ ನಾನಿದ್ದೆ.

ಆ ದಿನಗಳಲ್ಲಿ ನಾನು ಕೊಬ್ಬರಿ ವ್ಯಾಪಾರದ ಮನೆತನದವರೊಬ್ಬರ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ. ವರ್ಷ ತುಂಬುತ್ತಾ ಬಂದಂತೆ ಒಳಗಿನ ತಿರುಳು ಒಣಗಿ ಚಿಪ್ಪು ಬಿಡುತ್ತದೆ, ಇಲಿ ಓಡಿದರೂ ಸಾಕು, ಸಾವಿರ ಕಾಯಿ ಒಳಗೊಳಗೇ ಗಡಗಡ ಅನ್ನುತ್ತವೆ. ಮನೆಯೊಡತಿ ಒಳ್ಳೆಯವರು. ಗಾಣದಿಂದ ಎಣ್ಣೆ ಬಂದಾಗಲೆಲ್ಲ ನನಗೊಂದು ಬಾಟಲಿ ತೆಗೆದಿಡುತ್ತಿದ್ದರು, ನನ್ನ ಕೂದಲು ಕೂರಲಿ ಎಂದು. ಅಷ್ಟು ಎಣ್ಣೆ ಹಚ್ಚಿದರೂ ನನ್ನ ಕೂದಲು ಹೊಳೆಯಿತೇ ಹೊರತು ಕೂರಲಿಲ್ಲ. ಅದಕ್ಕೆ ಅವರಿಗೆ ನಿಜವಾಗಿಯೂ ಬೇಸರವಾಗುತ್ತಿತ್ತು.

ಬಸ್ಸಿನ ಮಗುವಿನ ಮಾತನ್ನು ಅವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, ಏನೋ ಹೇಳಲು ಬಾಯಿ ತೆರೆದು, ಹಾಲು ಉಕ್ಕುತ್ತದೆ ಎಂದು ಒಳಗೆ ಹೋದರು. ಒಲೆಯ ಮೇಲೆ ಹಾಲಿರಲಿಲ್ಲ.

ಕೆಂಕೆರೆಯ ಕಡೆ ಒಂದು ಊರಿನಲ್ಲಿ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದೆ ಎಂದು ಫೋನ್ ಬಂದಿತ್ತು. ಸ್ಕೂಟರಿನಲ್ಲಿ ಹೋದೆ. ಘಟಕಕ್ಕೆ ಬೀಗ ಹಾಕಿತ್ತು. ಪಕ್ಕದ ಮನೆಯ ಜಗುಲಿಯಲ್ಲಿ ಮೂವರು ಹೆಂಗಸರು ಹುಣಸೆಹಣ್ಣು ಬಿಡಿಸುತ್ತಿದ್ದರು. ಎಂದಿನಿಂದ ನೀರಿಲ್ಲ ಎಂದು ಕೇಳಿದೆ. ಮೂವರೂ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಒಬ್ಬಾಕೆ ತನ್ನ ತಲೆಯ ಎರಡೂ ಬದಿಗೆ ಬೆರಳು ಒತ್ತಿ ನೆಟಿಗೆ ಮುರಿದುಕೊಂಡಳು. ಮತ್ತೆ ಕೇಳಿದೆ. ಅವರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬರಿಗೈಯಲ್ಲಿ ಹಿಂದಿರುಗುವಾಗ, ಊರಾಚೆಯ ತೋಟದ ತಿರುವಿನಲ್ಲಿ, ನಾನು ನನ್ನನ್ನು ಕಂಡೆ.

ಎರಡು ಸಾಲು ತೆಂಗಿನ ನಡುವೆ ಒಂದು ಬಿದಿರು ಗಳುವಿಗೆ ಫ್ಲೆಕ್ಸ್ ಕಟ್ಟಿದ್ದರು. ಬಾಗಿಲಷ್ಟು ಎತ್ತರ. ಅದರ ತುಂಬ ನನ್ನ ಮುಖ. ಬಿಚ್ಚಿದ ಕೂದಲು, ನೇರ ನೋಟ, ಮುಚ್ಚಿದ ಬಾಯಿ. ಕಣ್ಣುಗಳನ್ನು ಮಾತ್ರ ದೊಡ್ಡದು ಮಾಡಿದ್ದರು. ನಡು ಮಧ್ಯಾಹ್ನ, ರಸ್ತೆಯಲ್ಲಿ ಯಾರೂ ಇರಲಿಲ್ಲ. ಗಾಳಿ ಹಿಂದಿನಿಂದ ಬಂದಾಗ ಫ್ಲೆಕ್ಸ್ ಉಬ್ಬುತ್ತಿತ್ತು, ಗಾಳಿ ಬಿಟ್ಟಾಗ ಒಳಕ್ಕೆ ಹೋಗುತ್ತಿತ್ತು. ಕೆನ್ನೆ ತುಂಬಿ, ಕೆನ್ನೆ ಇಳಿದು, ಅದು ಉಸಿರಾಡುತ್ತಿತ್ತು. ನಾನು ಸ್ಕೂಟರ್ ನಿಲ್ಲಿಸಿದೆ. ಅಪಘಾತದ ಜಾಗಕ್ಕೆ ಹೋದಾಗ ಮಾಡುವುದನ್ನೇ ಮಾಡಿದೆ: ಫೋಟೋ ತೆಗೆದೆ, ಯಾವ ಊರು, ಯಾವ ರಸ್ತೆ ಎಂದು ಬರೆದುಕೊಂಡೆ. ಬೇಲಿಯ ಹತ್ತಿರ ಹೋಗಿ ನೋಡಿದರೆ ಗಳುವಿನ ಹಿಂಬದಿಗೂ ಇನ್ನೊಂದು ಕಟ್ಟಿದ್ದರು. ಅದು ತೋಟದ ಒಳಕ್ಕೆ ನೋಡುತ್ತಿತ್ತು. ಅದಕ್ಕೆ ಬಿಸಿಲು ಹೆಚ್ಚು ಬಿದ್ದು ಕೆಂಪೆಲ್ಲ ಹಾರಿಹೋಗಿ ಮುಖ ನೀಲಿಗಟ್ಟಿತ್ತು. ನೀರಿನಿಂದ ಎತ್ತಿದವರ ಬಣ್ಣ.

ಈ ಕಡೆ ಫಲ ಬಿಟ್ಟ ತೋಟಕ್ಕೆ ಕಣ್ಣು ಬೀಳಬಾರದೆಂದು ದಾರಿಗೆ ಕಾಣುವಂತೆ ಏನಾದರೂ ಕಟ್ಟುತ್ತಾರೆ. ದಾರಿಹೋಕರ ಕಣ್ಣು ಮೊದಲು ಅದರ ಮೇಲೆ ಬೀಳಬೇಕು, ಮರದ ಮೇಲಲ್ಲ. ಈಚೆಗೆ ಕಣ್ಣು ಬಿಟ್ಟ ಹೆಂಗಸಿನ ಮುಖದ ಫ್ಲೆಕ್ಸ್ ಕಟ್ಟುವುದು ರೂಢಿಗೆ ಬಂದಿದೆ. ಅದನ್ನು ನಾನೂ ನೋಡಿದ್ದೆ. ಆ ಹೆಂಗಸು ಯಾರು ಎಂದು ಎಂದೂ ಯೋಚಿಸಿರಲಿಲ್ಲ.

ಫೋಟೋ ಯಾವುದೆಂದು ನೋಡಿದ ತಕ್ಷಣ ಗೊತ್ತಾಯಿತು. ಅದು ನನಗೆ ಬಹಳ ಬೇಕಾದ ಫೋಟೋ. ಅದಕ್ಕೆ ಮೊದಲು ನನ್ನ ಯಾವ ಫೋಟೋದಲ್ಲೂ ನಾನಿರಲಿಲ್ಲ. ಹತ್ತನೇ ತರಗತಿಯದರಲ್ಲಿ ಬೂದಿ ಬಳಿದಂತಿದ್ದೇನೆ, ಕಾಲೇಜಿನದರಲ್ಲಿ ಕೆನ್ನೆ ಗುಲಾಬಿ, ಆಧಾರ್ ಕಾರ್ಡಿನಲ್ಲಿ ಎರಡು ಬಿಳಿ ಚುಕ್ಕೆಯುಳ್ಳ ಕಪ್ಪು ಕಲೆ. ಪತ್ರಿಕೆಯ ಗುರುತಿನ ಚೀಟಿಗೆಂದು ತಿಪಟೂರಿನ ಒಂದು ಸ್ಟುಡಿಯೋಗೆ ಹೋದಾಗ ಅಲ್ಲಿನವನೂ ಮೊದಲು ಮುಖವನ್ನು ಬೆಳ್ಳಗೆ ಮಾಡಿದ. ಎಲ್ಲರಿಗೂ ಹೀಗೇ ಮಾಡುತ್ತೇವೆ ಮೇಡಂ, ಯಾರೂ ಬೇಡ ಅಂದಿಲ್ಲ ಎಂದ. ನಾನು ಅವನ ಪಕ್ಕ ಕುಳಿತು, ಸ್ವಲ್ಪ ಸ್ವಲ್ಪವಾಗಿ ನನ್ನ ಬಣ್ಣವನ್ನು ವಾಪಸು ತರಿಸಿದೆ. ಅಂದು ಜಡೆಗಳನ್ನು ಬಿಚ್ಚಿದ್ದೆ. ಕೂದಲು ತಲೆಯ ಸುತ್ತ ತನಗೆ ಬೇಕಾದಂತೆ ನಿಂತಿತ್ತು. ಫೋಟೋವನ್ನು ಊರಿಗೆ ಕಳಿಸಿದಾಗ ಅಮ್ಮ ಫೋನ್ ಮಾಡಿ, ಇದು ನನ್ನ ತಾಯಿಯ ಮುಖ ಎಂದಳು. ಅಜ್ಜಿಯದು ಒಂದು ಫೋಟೋವೂ ನಮ್ಮಲ್ಲಿಲ್ಲ.

ಆ ಸ್ಟುಡಿಯೋಗೇ ಹೋಗಿ ಕೇಳಿದೆ. ಅಲ್ಲಿನವನು ಸುಳ್ಳು ಹೇಳಲಿಲ್ಲ. ಅವನ ಅಂಗಡಿಯಲ್ಲೇ ಫ್ಲೆಕ್ಸ್ ಕೆಲಸವೂ ನಡೆಯುತ್ತದೆ. ತೋಟದವರೊಬ್ಬರು ದೃಷ್ಟಿಗೆ ಕಟ್ಟಲು ಫ್ಲೆಕ್ಸ್ ಬೇಕೆಂದು ಬಂದಾಗ ಪರದೆಯ ಮೇಲೆ ನನ್ನ ಫೋಟೋ ತೆರೆದಿತ್ತಂತೆ. ಅವರು ಬೆರಳು ತೋರಿಸಿ, ಇದೇ ಇರಲಿ ಅಂದರಂತೆ. ಅವರ ತೋಟದಲ್ಲಿ ಎಳೆಗಾಯಿ ಉದುರುವುದು ನಿಂತಿತಂತೆ. ಅಲ್ಲಿಂದ ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿದೆ.

"ಕೆಟ್ಟದ್ದಕ್ಕೆ ಹಾಕಿಲ್ಲ ಮೇಡಂ," ಎಂದ. "ಕಾಯೋಕೆ ಹಾಕಿರೋದು."

ನನ್ನೆದುರೇ ಫೈಲನ್ನು ಅಳಿಸಿದ. ಆದರೆ ಅದು ಆಗಲೇ ಹುಳಿಯಾರಿನ, ತುರುವೇಕೆರೆಯ ಅಂಗಡಿಗಳವರ ಫೋನಿಗೆ ಹೋಗಿತ್ತು. ಅವರು ಇನ್ನು ಯಾರಿಗೆ ಕಳಿಸಿದ್ದಾರೋ ಅವನಿಗೂ ಗೊತ್ತಿರಲಿಲ್ಲ.

ತುರುವೇಕೆರೆಯ ಅಂಗಡಿಗೆ ಗಿರಾಕಿಯಂತೆ ಹೋದೆ. ದೃಷ್ಟಿ ಫ್ಲೆಕ್ಸ್ ಬೇಕು ಎಂದೆ. ಅಂಗಡಿಯಾತ ತಲೆಯೆತ್ತದೆ ಪರದೆಯನ್ನು ನನ್ನ ಕಡೆ ತಿರುಗಿಸಿ, ಈಗ ಇದೇ ಓಡುತ್ತಿರುವುದು ಎಂದ. ಕಣ್ಣಿಗೆ ಕೆಂಪು ಅಂಚು ಕೊಟ್ಟಿದ್ದರು, ನಾಲಿಗೆಯನ್ನೂ ಸೇರಿಸಿದ್ದರು. ನಾನು ಪರದೆಯ ಕಡೆ ಬಾಗಿದಾಗ ಅವನು ತಲೆಯೆತ್ತಿದ. ಪರದೆಯನ್ನು ನೋಡಿದ, ನನ್ನನ್ನು ನೋಡಿದ. ಒಳಗೆ ಮುದ್ರಣದ ಯಂತ್ರ ಅತ್ತಿಂದಿತ್ತ ಓಡಾಡುತ್ತಲೇ ಇತ್ತು.

"ನೀವು ಇದೀರಾ?" ಎಂದು ಬಹಳ ಮೆಲ್ಲಗೆ ಕೇಳಿದ. "ಕಂಪ್ಯೂಟರ್ ಮಾಡಿರೋದು ಅಂದ್ಕಂಡಿದ್ದೆ ಕಣ್ರೀ. ಇಂಥವ್ರು ಇರ್ತಾರೆ ಅಂತ ಗೊತ್ತಿರ್ಲಿಲ್ಲ," ಎಂದ.

ಠಾಣೆಗೂ ಹೋದೆ. ಅಧಿಕಾರಿ ಸೌಜನ್ಯದಿಂದ ಕೂರಿಸಿ, ಪತ್ರಿಕೆಯ ಚೀಟಿ ಆಗುವುದಿಲ್ಲ, ಗುರುತಿಗೆ ಸರ್ಕಾರದ್ದು ಏನಾದರೂ ಕೊಡಿ ಎಂದರು. ನನ್ನ ಆಧಾರ್ ಕಾರ್ಡನ್ನು ಫ್ಲೆಕ್ಸಿನ ಫೋಟೋದ ಪಕ್ಕ ಹಿಡಿದು ಕನ್ನಡಕ ಏರಿಸಿ ನೋಡಿದರು. ಇದೂ ಅದೂ ಒಂದೇ ಅಂತ ನಾನು ಹೇಗೆ ಬರೆಯಲಿ ಎಂದರು. ಕಾರ್ಡಿನಲ್ಲಿರುವುದು ನಾನು, ಫ್ಲೆಕ್ಸಿನಲ್ಲಿರುವುದೂ ನಾನು ಎಂದೆ. "ಫ್ಲೆಕ್ಸ್‌ನಲ್ಲಿರೋದು ನೀವೇ, ಅದ್ರಲ್ಲಿ ಡೌಟಿಲ್ಲ. ಕಾರ್ಡ್‌ನಲ್ಲಿರೋದು ಯಾರಮ್ಮ?" ಎಂದರು. ಮೊದಲು ಕಾರ್ಡಿನ ಫೋಟೋ ಬದಲಾಯಿಸಿಕೊಂಡು ಬನ್ನಿ ಎಂದು ಕಳಿಸಿದರು.

ಆಧಾರ್ ಸೇವಾ ಕೇಂದ್ರದಲ್ಲಿ ಮುಖ ತೋರಿಸಿ ಖಚಿತಪಡಿಸಬೇಕಿತ್ತು. ಕಣ್ಣು ಮಿಟುಕಿಸಿ ಎಂದು ಯಂತ್ರ ಹೇಳಿತು, ಮಿಟುಕಿಸಿದೆ. ಮುಖ ಪತ್ತೆಯಾಗಿಲ್ಲ ಎಂದಿತು. ಅಲ್ಲಿನ ಹುಡುಗಿ ಕುರ್ಚಿಯನ್ನು ಕಿಟಕಿಯ ಬಳಿ ಹಾಕಿಸಿದಳು, ಗಲ್ಲದ ಕೆಳಗೆ ಬಿಳಿ ಹಾಳೆ ಹಿಡಿಸಿದಳು, ಫೋನಿನ ಟಾರ್ಚ್ ಬಿಟ್ಟಳು. ಪತ್ತೆಯಾಗಿಲ್ಲ. ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ಯಂತ್ರಕ್ಕೆ ಕಾಣುವುದನ್ನು ಕಾಯುತ್ತಾ ನಿಂತಿದ್ದರು. ಕೊನೆಗೆ ಅವಳು ಚೀಲದಿಂದ ಪೌಡರ್ ಡಬ್ಬಿ ತೆಗೆದು, ಬೇಜಾರು ಮಾಡ್ಕೋಬೇಡಿ ಅಕ್ಕ ಎಂದಳು. ನಾನು ಎದ್ದು ಬಂದೆ. ಬರುವ ದಾರಿಯಲ್ಲಿ, ತೋಟಗಳಲ್ಲಿ, ನಾನು ಎರಡು ಕಡೆ ನಿಂತಿದ್ದೆ.

ಇಷ್ಟರಲ್ಲಿ ನನ್ನ ಕೆಲಸ ನಿಂತುಹೋಗುವ ಹಂತಕ್ಕೆ ಬಂದಿತ್ತು. ವರದಿಗಾರರಿಗೆ ಬೇಕಾದ್ದು ಅಪರಿಚಿತರು ಬಾಯಿ ಬಿಡುವುದು. ಹಳ್ಳಿಗಳಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಅಂಗನವಾಡಿಯಲ್ಲಿ ಮಕ್ಕಳನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದರು. ಒಂದು ಮನೆಯಲ್ಲಿ ಬಾಣಂತಿಗೆ ನನ್ನ ನೆರಳು ತಾಗದಂತೆ ಕಂಬಳಿ ಅಡ್ಡ ಹಿಡಿದರು. ಇನ್ನೊಂದು ಮನೆಯಲ್ಲಿ ಅದಕ್ಕೆ ತದ್ವಿರುದ್ಧವಾಗಿ, ಹಸುಳೆಯನ್ನು ತಂದು ನನ್ನ ಮುಂದೆ ಹಿಡಿದು, ಒಂದ್ಸಲ ನೋಡಿ ಬುಡಿ ಎಂದು ಬೇಡಿಕೊಂಡರು. ಎರಡೂ ಕಡೆ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ತುಮಕೂರಿನಿಂದ ಸಂಪಾದಕರು ಫೋನ್ ಮಾಡಿ, ತಿಂಗಳ ಕೊನೆಗೆ ಡೆಸ್ಕಿಗೆ ಬಂದುಬಿಡಿ, ಅಲ್ಲಿ ಯಾರಿಗೂ ಮುಖ ತೋರಿಸುವ ಕೆಲಸವಿಲ್ಲ ಎಂದರು. ಅವರು ಒಳ್ಳೆಯ ಮಾತಾಗಿಯೇ ಹೇಳಿದ್ದು. ಡೆಸ್ಕೆಂದರೆ ನಾಲ್ಕು ಗೋಡೆಯ ನಡುವೆ ಬೇರೆಯವರ ವರದಿ ತಿದ್ದುವುದು. ಒಂದು ಸಲ ಒಳಗೆ ಹೋದವರನ್ನು ಮತ್ತೆ ಹೊರಗೆ ಕಳಿಸುವುದಿಲ್ಲ. ನೀರಿನ ಘಟಕದ ವರದಿ ಮುಗಿಸುತ್ತೇನೆ, ಆಮೇಲೆ ಹೇಳುತ್ತೇನೆ ಎಂದೆ.

ಮೊದಲು ಕಂಡ ಆ ತೋಟಕ್ಕೇ ವಾಪಸು ಹೋದೆ. ಮಧ್ಯಾಹ್ನ ಇಳಿಯುತ್ತಿತ್ತು. ಬೇಲಿಯೊಳಗೆ ಹಣೆಗೆ ವಿಭೂತಿ ಇಟ್ಟ ಮುದುಕಿಯೊಬ್ಬರು ಬಿದ್ದ ಗರಿ ಎಳೆದು ಒಂದೆಡೆ ಹಾಕುತ್ತಿದ್ದರು. ನನ್ನನ್ನು ಕಂಡು ಬೆಚ್ಚಲಿಲ್ಲ. ಗರಿ ಬಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರು.

"ಬಂದ್ಯಾ," ಎಂದರು. "ಬತ್ತೀಯ ಅಂತ ಗೊತ್ತಿತ್ತು ಕಣೇ."

ನಾನು ಯಾರು, ಎಲ್ಲಿಯವಳು, ಆ ಫೋಟೋ ಹೇಗೆ ಇಲ್ಲಿಗೆ ಬಂತು ಎಂದು ಹೇಳಿದೆ. ಕಚೇರಿಯ ಟಿಪ್ಪಣಿಯಂತೆ ಒಂದಾದ ಮೇಲೊಂದು ಹೇಳಿದೆ. ಆ ಅಜ್ಜಿ ಪೂರ್ತಿ ಕೇಳಿಸಿಕೊಂಡರು. ತಾವು ದಿನವೂ ತೋಟ ಬಿಟ್ಟು ಹೋಗುವಾಗ ಆ ಮುಖಕ್ಕೆ ಹೋಗ್ಬತ್ತೀನಿ ಎಂದು ಹೇಳಿ ಹೋಗುವುದಾಗಿಯೂ, ಒಬ್ಬಳೇ ಇರುವಾಗ ಸೊಸೆಯ ವಿಷಯವನ್ನೆಲ್ಲ ಅದರ ಮುಂದೆ ಹೇಳಿಕೊಂಡಿರುವುದಾಗಿಯೂ ಹೇಳಿದರು. ಅದನ್ನೆಲ್ಲ ನಾನು ಕೇಳಿಸಿಕೊಂಡಿದ್ದೇನೆ ಎಂಬಂತೆ ನನ್ನ ಮುಖ ನೋಡಿದರು.

ಬಿಚ್ಚಿಕೊಡಿ ಎಂದು ಕೇಳಿದೆ. ಅವರು ಇಲ್ಲವೆನ್ನಲಿಲ್ಲ. ಇಬ್ಬರೂ ಸೇರಿ ಕುಡುಗೋಲಿನಿಂದ ಹುರಿ ಕೊಯ್ದೆವು. ಎರಡೂ ಫ್ಲೆಕ್ಸ್ ನೆಲಕ್ಕೆ ಬಿದ್ದವು. ಬಿದ್ದ ಮೇಲೆ ಅಜ್ಜಿ ಅವನ್ನು ನೋಡುತ್ತಾ ನಿಂತರು. ದೃಷ್ಟಿಗೆ ಕಟ್ಟಿದ್ದನ್ನು ಇಳಿಸಿದ ಮೇಲೆ ಮನೆಗೆ ಒಯ್ಯುವಂತಿಲ್ಲ. ಸುಡಬೇಕು, ಇಲ್ಲವೇ ಮೂರು ದಾರಿ ಕೂಡುವ ಕಡೆ ಎಸೆದು ಹಿಂತಿರುಗಿ ನೋಡದೆ ಬರಬೇಕು.

"ಜೀವ ಇರೋರ ಮುಖ ಅಂತ ಗೊತ್ತಿದ್ರೆ ಕಟ್ತಿರ್ಲಿಲ್ಲ ಕಣವ್ವ," ಎಂದರು. "ಈಗ ಸುಡಂಗೂ ಇಲ್ಲ, ಎಸೆಯಂಗೂ ಇಲ್ಲ. ನೀನೇ ತಗಂಡೋಗು. ಊರ ಕಣ್ಣೆಲ್ಲ ಅದ್ರಲ್ಲೈತೆ, ಹುಷಾರು."

ನಾನು ಮುಖಗಳನ್ನು ಒಳಕ್ಕೆ ಮಾಡಿ ಸುರುಳಿ ಸುತ್ತಿದೆ. ಬಿಸಿಲಿಗೆ ಕಾದಿದ್ದ ಫ್ಲೆಕ್ಸ್ ಕೈಗೆ ಬೆಚ್ಚಗೆ ತಾಗಿತು.

ಅಜ್ಜಿ ಪಂಪ್‌ಮನೆಯೊಳಗೆ ಹೋಗಿ ಮಸಿ ಹಿಡಿದ ಹಳೆಯ ಮಡಕೆಯೊಂದನ್ನೂ, ತೆಂಗಿನ ಚಿಪ್ಪಿನಲ್ಲಿ ಸುಣ್ಣವನ್ನೂ ತಂದರು. ತೋಟ ಬರಿದಾಗಿ ಇರುವಂತಿಲ್ಲ. ಮಡಕೆಯನ್ನು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡು, ಈಚಲ ಕಡ್ಡಿಯ ತುದಿ ಜಜ್ಜಿ, ಸುಣ್ಣದಲ್ಲಿ ಅದ್ದಿ ಕಣ್ಣು ಬರೆಯಲು ಕೂತರು. ಒಂದು ಗೆರೆ ಎಳೆದು ತಲೆಯೆತ್ತಿ ನನ್ನನ್ನು ನೋಡಿದರು. ಇನ್ನೊಂದು ಎಳೆದು ಮತ್ತೆ ನೋಡಿದರು. ಮೂರನೆಯ ಸಲ ನೋಡಿದಾಗ ನನಗೆ ಅರ್ಥವಾಯಿತು.

ನನ್ನನ್ನು ನೋಡಬೇಡಿ ಅಜ್ಜಿ ಎಂದೆ.

"ನೋಡ್ದೆ ಹೆಂಗವ್ವ ಬರೀಲಿ?" ಎಂದರು. ಅವರ ದನಿಯಲ್ಲಿ ಯಾವ ಕಪಟವೂ ಇರಲಿಲ್ಲ.

ನಾನು ಅವರಿಗೆ ಬೆನ್ನು ಮಾಡಿ ರಸ್ತೆಯ ಕಡೆ ತಿರುಗಿ ನಿಂತೆ. ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೆ. ಬ್ಯಾಗಿನಿಂದ ಪೆನ್ನು ತೆಗೆದೆ. ನಿಮ್ಮೂರಿನ ಕುಡಿಯುವ ನೀರಿನ ಘಟಕ ಯಾವಾಗ ಕೆಟ್ಟಿತು ಎಂದು ರಸ್ತೆಯನ್ನೇ ನೋಡುತ್ತಾ ಕೇಳಿದೆ.

ಅಜ್ಜಿ ಹೇಳತೊಡಗಿದರು. ಯುಗಾದಿಗೆ ಮುಂಚೆ ಮೋಟಾರು ಸುಟ್ಟದ್ದು, ಬಂದು ಅಳತೆ ತೆಗೆದುಕೊಂಡು ಹೋದವರು ಮತ್ತೆ ಬರದಿದ್ದದ್ದು, ಬೋರಿನ ಗಡಸು ನೀರು ಕುಡಿದು ಮಂಡಿ ಹಿಡಿದಿರುವುದು, ಕ್ಯಾನಿನ ನೀರು ತರುವ ಟೆಂಪೋಗೆ ಹೆಂಗಸರು ಕಾಯುವುದು. ವಾರಗಳ ಮೇಲೆ ನನಗೊಬ್ಬರು ಪೂರ್ತಿ ಉತ್ತರ ಕೊಡುತ್ತಿದ್ದರು. ನಾನು ಬರೆದುಕೊಳ್ಳುತ್ತಾ ಹೋದೆ. ಹಿಂದೆ ಸುಣ್ಣದ ಕಡ್ಡಿ ಮಡಕೆಯ ಮೇಲೆ ಕೆರೆಯುತ್ತಲೇ ಇತ್ತು. ಪ್ರಶ್ನೆ ಕೇಳಲು ನಾನು ಸ್ವಲ್ಪ ತಲೆ ಹೊರಳಿಸಿದಾಗಲೆಲ್ಲ ಆ ಸದ್ದು ನಿಲ್ಲುತ್ತಿತ್ತು, ಆಮೇಲೆ ಮುಂದುವರಿಯುತ್ತಿತ್ತು.

"ಆಯ್ತು. ನೋಡ್ಬಾ," ಎಂದರು ಕೊನೆಗೆ.

ಸುಟ್ಟ ಮನೆ, ಕೆರೆಯಿಂದ ಎತ್ತಿದ ಹೆಣ, ಯಾವುದನ್ನೂ ನಾನು ನೋಡದೆ ವರದಿ ಬರೆದದ್ದಿಲ್ಲ. ಅಂದು ತಿರುಗಲಿಲ್ಲ. ಬತ್ತೀನಿ ಅಜ್ಜಿ ಎಂದು ಅವರ ಭಾಷೆಯಲ್ಲೇ ಹೇಳಿ ಸ್ಕೂಟರಿನ ಕಡೆ ನಡೆದೆ. ಮಡಕೆಯನ್ನು ಗಳುವಿಗೆ ಸಿಕ್ಕಿಸುವ ಸದ್ದು ಹಿಂದಿನಿಂದ ಕೇಳಿತು. ಅಜ್ಜಿ ಯಾರಿಗೋ ಮೆಲ್ಲಗೆ ಏನೋ ಹೇಳುತ್ತಿದ್ದರು. ತೋಟದಲ್ಲಿ ಬೇರೆ ಯಾರೂ ಇರಲಿಲ್ಲ.

ನೀರಿನ ಘಟಕದ ವರದಿ ಮಾರನೆಯ ದಿನ ಬಂತು. ಡೆಸ್ಕಿಗೆ ಬರುವುದಿಲ್ಲ ಎಂದು ಸಂಪಾದಕರಿಗೆ ಹೇಳಿದೆ. ಉಳಿದ ತೋಟಗಳಿಗೂ ಒಂದೊಂದಾಗಿ ಹೋಗಬೇಕಿದೆ. ಅಲ್ಲಿನವರೂ ಬರಿದಾದ ಗಳುವಿಗೆ ಏನನ್ನಾದರೂ ಕಟ್ಟುತ್ತಾರೆ, ಕಟ್ಟುವ ಮೊದಲು ನನ್ನನ್ನು ನೋಡುತ್ತಾರೆ. ಕೆಂಕೆರೆಯ ಆ ತಿರುವಿನಲ್ಲಿ ಈಗಲೂ ಹೋಗಿ ಬರುತ್ತೇನೆ. ರಸ್ತೆಯ ಮೇಲೆ ಕಣ್ಣಿಟ್ಟು ಓಡಿಸುತ್ತೇನೆ. ಮಡಕೆಯ ಮೇಲೆ ಏನಿದೆಯೋ ನಾನು ನೋಡಿಲ್ಲ.